ಕೆಟ್ಟಿದ್ದು ರ‍್ಯಾಮ್ ಹೌದು, ಆದರೆ ಯಾವ ಸ್ಟಿಕ್?

ಕಂಪ್ಯೂಟರ್ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಕೊಂಡವಳು ನನ್ನ ಚಿಕ್ಕಮ್ಮನ ಮಗಳು. ಒಳಗೆ 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್, ಒಟ್ಟು 16 ಜಿಬಿ. ರ‍್ಯಾಮ್ ಎಂದರೆ ಕಂಪ್ಯೂಟರ್ ಓಡುವಾಗ ಡೇಟಾವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ, ಡಿಡಿಆರ್4 ಅದರ ಒಂದು ತಲೆಮಾರು. ಒಂದು ಎಸ್‌ಎಸ್‌ಡಿ, ಅಂದರೆ ಡಿಸ್ಕ್, ಅದರಲ್ಲಿ ವಿಂಡೋಸ್. ನೋಡಲು ಚೊಕ್ಕವಾಗಿತ್ತು, ಆನ್ ಮಾಡಿದರೆ ಬೇಗ ಏಳುತ್ತಿತ್ತು. ಆದರೆ ಆಗಾಗ ಕೈಕೊಡುತ್ತಿತ್ತು.

ಕೈಕೊಡುವುದರಲ್ಲಿ ಒಂದು ಕ್ರಮವೂ ಇರಲಿಲ್ಲ. ಒಂದು ದಿನ ಬ್ರೌಸರಿನ ಟ್ಯಾಬ್ ತಾನಾಗಿ ಸಾಯುತ್ತಿತ್ತು. ಇನ್ನೊಂದು ದಿನ ಜಿಪ್ ಫೈಲ್ ಬಿಚ್ಚುವಾಗ, ಡೇಟಾ ಕೆಟ್ಟಿಲ್ಲವೇ ಎಂದು ತಾಳೆ ನೋಡುವ ಸಿಆರ್‌ಸಿ ತಪ್ಪು ಎನ್ನುತ್ತಿತ್ತು, ಅದೇ ಫೈಲ್ ಸ್ವಲ್ಪ ಹೊತ್ತಿನ ಮೇಲೆ ಸಲೀಸಾಗಿ ಬಿಚ್ಚಿಕೊಳ್ಳುತ್ತಿತ್ತು. ನಡುನಡುವೆ ನೀಲಿ ಪರದೆ. ಅದರ ಮೇಲಿನ ಕಾರಣವೂ ಪ್ರತಿ ಸಲ ಬೇರೆ. ಒಮ್ಮೆ 'ಮೆಮೊರಿ ಮ್ಯಾನೇಜ್‌ಮೆಂಟ್', ಒಮ್ಮೆ 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ', ಒಮ್ಮೆ 'ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್'.

"ಅಣ್ಣಾ, ಇದು ವೈರಸ್ಸೇ ಅಲ್ವಾ?" ಅಂದಳು. ಸ್ಕ್ಯಾನ್ ಮಾಡಿ ನೋಡಿದ್ದಳು, ಏನೂ ಸಿಕ್ಕಿರಲಿಲ್ಲ. ವಿಂಡೋಸ್ ಹೊಸದಾಗಿ ಹಾಕಲು ಹೋಗಿದ್ದಳು, ಅದು ಅರ್ಧಕ್ಕೆ ನಿಂತಿತ್ತು. ಮತ್ತೆ ಮಾಡಿದಾಗ ಇನ್ನೊಂದು ಫೈಲಿನ ಹೆಸರು ಹೇಳಿ ನಿಂತಿತ್ತು. ಹೇಗೋ ಒಮ್ಮೆ ಮುಗಿದು, ಹೊಸ ವಿಂಡೋಸಿನಲ್ಲೂ ಅದೇ ಕಥೆ.

ನನಗೆ ಮುಖ್ಯವಾಗಿ ಕಂಡದ್ದು ಆ 'ಇನ್ನೊಂದು ಫೈಲ್'. ಪೆನ್‌ಡ್ರೈವ್ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎಡವಬೇಕು. ಒಂದು ಡ್ರೈವರ್ ಸರಿಯಿಲ್ಲದಿದ್ದರೆ ನೀಲಿ ಪರದೆಯಲ್ಲಿ ಹೆಚ್ಚಾಗಿ ಅದೇ ಡ್ರೈವರಿನ ಹೆಸರು ಮರುಕಳಿಸಬೇಕು. ಪ್ರತಿ ಸಲ ಬೇರೆ ಜಾಗದಲ್ಲಿ, ಬೇರೆ ಕಾರಣ ಹೇಳಿ ಬೀಳುವ ಕಂಪ್ಯೂಟರಿನಲ್ಲಿ ಸಂಶಯ ಹಾರ್ಡ್‌ವೇರ್ ಕಡೆಗೇ ಹೋಗುತ್ತದೆ. ರ‍್ಯಾಮ್, ಪವರ್ ಸಪ್ಲೈ, ಬಿಸಿಯಾಗುವ ಪ್ರೊಸೆಸರ್, ಎಸ್‌ಎಸ್‌ಡಿ, ಇಷ್ಟು ಪಟ್ಟಿಯಲ್ಲಿದ್ದವು.

ಮೊದಲು ಬರೆಯುವುದನ್ನು ನಿಲ್ಲಿಸಬೇಕು

ಪರೀಕ್ಷೆಗೆ ಮುಂಚೆ ಒಂದು ಮಾತು ಕೇಳಿದೆ: ಇದರೊಳಗೆ ಏನೇನು ಹಾಕಿದ್ದೀಯ? ಹಳೆಯ ಲ್ಯಾಪ್‌ಟಾಪಿನಿಂದ ಫೋಟೋಗಳನ್ನೆಲ್ಲ ಇದಕ್ಕೆ ಕಾಪಿ ಮಾಡಿದ್ದಳು. ಆ ಲ್ಯಾಪ್‌ಟಾಪ್ ಅಳಿಸಿ ಯಾರಿಗೋ ಕೊಡುವ ಯೋಚನೆ ಇತ್ತು, ಪುಣ್ಯಕ್ಕೆ ಇನ್ನೂ ಅಳಿಸಿರಲಿಲ್ಲ. ಅದನ್ನು ಮುಟ್ಟಬೇಡ ಎಂದೆ.

ಕಾರಣ ಇಷ್ಟೇ. ಫೈಲ್ ಕಾಪಿ ಆಗುವಾಗ ಅದು ರ‍್ಯಾಮ್ ಮೂಲಕ ಹಾದುಹೋಗುತ್ತದೆ. ಸಾಟಾ ಕೇಬಲಿನಲ್ಲಿ ಹೋಗುವ ಡೇಟಾಕ್ಕೆ ಸಿಆರ್‌ಸಿ ಕಾವಲು ಇದೆ, ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲೂ ಇದೆ. ಅಲ್ಲಿ ತಪ್ಪಾದರೆ ಮತ್ತೆ ಕಳಿಸುತ್ತಾರೆ. ಮನೆಬಳಕೆಯ ಡಿಡಿಆರ್4 ರ‍್ಯಾಮಿಗೆ ಅಂಥ ಕಾವಲೇ ಇಲ್ಲ. ಸರ್ವರ್‌ಗಳಲ್ಲಿ ಇಸಿಸಿ ರ‍್ಯಾಮ್ ಇರುತ್ತದೆ, ಅದು 64 ಬಿಟ್‌ಗೆ 8 ಬಿಟ್ ಜಾಸ್ತಿ ಇಟ್ಟುಕೊಂಡು ಒಂದು ಬಿಟ್ ತಪ್ಪಿದರೆ ತಾನೇ ತಿದ್ದುತ್ತದೆ. ಬಿಟ್ ಎಂದರೆ ಡೇಟಾದ ಅತಿ ಚಿಕ್ಕ ತುಣುಕು, ಸೊನ್ನೆ ಅಥವಾ ಒಂದು. ಇಲ್ಲಿ ತಪ್ಪಿದರೆ ತಪ್ಪಿದ್ದೇ ಡಿಸ್ಕಿಗೆ ಹೋಗಿ ಕೂರುತ್ತದೆ. ಡಿಸ್ಕ್ ಅದನ್ನು ಅತ್ಯಂತ ನಿಷ್ಠೆಯಿಂದ ಕಾಪಾಡುತ್ತದೆ!

ಹಾಗಾಗಿ ರ‍್ಯಾಮ್ ಮೇಲೆ ಅನುಮಾನ ಬಂದ ಕಂಪ್ಯೂಟರಿನಲ್ಲಿ ಬ್ಯಾಕಪ್ ತೆಗೆಯುವುದೂ ಅಪಾಯವೇ. ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿ ತೆಗೆಯಬೇಕು. ವಿಂಡೋಸ್ ಮತ್ತೆ ಮತ್ತೆ ಹಾಕುವುದೂ, ಬಯಾಸ್ (ಬೋರ್ಡನ್ನು ಎಬ್ಬಿಸುವ ತಂತ್ರಾಂಶ) ಅಪ್‌ಡೇಟ್ ಮಾಡುವುದೂ ಆ ಹೊತ್ತಿಗೆ ಬೇಡ. ಅದರಲ್ಲೂ ಬಯಾಸ್ ತಪ್ಪಾಗಿ ಬರೆದುಕೊಂಡರೆ ಬೋರ್ಡೇ ಏಳದೆ ಹೋಗಬಹುದು. ನಾವು ಎಸ್‌ಎಸ್‌ಡಿಯನ್ನು ಬೇರೆ ಕಂಪ್ಯೂಟರಿನಲ್ಲಿ ಪೂರ್ತಿ ಪ್ರತಿ ಮಾಡಿ ಇಟ್ಟೆವು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯನ್ನೂ ನೋಡಿದೆ. ಎಸ್‌ಎಸ್‌ಡಿ ಆರೋಗ್ಯವಾಗಿಯೇ ಇತ್ತು.

ಹ್ಯಾಶ್ ಬದಲಾಗುತ್ತಿತ್ತು

ಎಸ್‌ಎಸ್‌ಡಿ ಮತ್ತೆ ಜೋಡಿಸಿ ಒಂದು ಸರಳ ಪರೀಕ್ಷೆ ಮಾಡಿದೆ. ಹಲವು ಜಿಬಿ ಗಾತ್ರದ ಒಂದು ಫೈಲ್ ತೆಗೆದುಕೊಂಡು ಅದರ ಎಸ್‌ಎಚ್‌ಎ-256 ಹ್ಯಾಶ್ ಲೆಕ್ಕ ಹಾಕಿಸಿದೆ. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದಂತೆ, ಒಂದು ಬಿಟ್ ಬದಲಾದರೂ ಅದು ಬದಲಾಗುತ್ತದೆ. ವಿಂಡೋಸಿನಲ್ಲಿ ಸರ್ಟ್‌ಯುಟಿಲ್ ಎಂಬ ಆಜ್ಞೆ ಇದನ್ನು ಮಾಡುತ್ತದೆ, ಬೇರೇನೂ ಹಾಕಿಕೊಳ್ಳಬೇಕಿಲ್ಲ. ಬಂದ ಹ್ಯಾಶ್ ಮೂಲ ಫೈಲಿನ ಹ್ಯಾಶಿಗೆ ಹೊಂದಲಿಲ್ಲ. ಮತ್ತೆ ಹಾಕಿಸಿದರೆ ಅದೇ ತಪ್ಪು ಉತ್ತರ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಹಾಕಿಸಿದರೆ ಸರಿಯಾದ ಉತ್ತರ!

ಇದು ವಿಚಿತ್ರ ಅನ್ನಿಸಬಹುದು, ಆದರೆ ಸುಳಿವು ಇದರಲ್ಲೇ ಇದೆ. ಒಮ್ಮೆ ಓದಿದ ಫೈಲನ್ನು ವಿಂಡೋಸ್ ರ‍್ಯಾಮಿನಲ್ಲೇ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಡಿಸ್ಕಿಗೆ ಹೋಗದೆ ಅದನ್ನೇ ಕೊಡುತ್ತದೆ. ಆ ಪ್ರತಿಯಲ್ಲಿ ಒಂದು ಬಿಟ್ ಕೆಟ್ಟಿದ್ದರೆ ತಪ್ಪು ಉತ್ತರವೇ ಮತ್ತೆ ಮತ್ತೆ ಬರುತ್ತದೆ. ರೀಸ್ಟಾರ್ಟ್ ಆದಾಗ ಫೈಲ್ ರ‍್ಯಾಮಿನ ಬೇರೆ ಜಾಗಕ್ಕೆ ಬಂದು ಕೂರುತ್ತದೆ, ಉತ್ತರ ಸರಿಯಾಗುತ್ತದೆ. ಡಿಸ್ಕಿನಲ್ಲಿರುವ ಫೈಲ್ ಸರಿಯಿದೆ, ಓದಿಕೊಂಡ ಪ್ರತಿ ಸರಿಯಿಲ್ಲ ಎಂದಾಯಿತು. ಎಸ್‌ಎಸ್‌ಡಿ ಹೆಚ್ಚುಕಡಿಮೆ ಪಟ್ಟಿಯಿಂದ ಹೊರಗೆ ಹೋಯಿತು.

ಲಕ್ಷಣಗಳು ಏಕೆ ಅಷ್ಟು ಚೆಲ್ಲಾಪಿಲ್ಲಿ ಎಂಬುದೂ ಇದರಿಂದಲೇ ತಿಳಿಯುತ್ತದೆ. 8 ಜಿಬಿಯ ಒಂದು ಸ್ಟಿಕ್‌ನಲ್ಲಿ 6,870 ಕೋಟಿಗೂ ಜಾಸ್ತಿ ಬಿಟ್‌ಗಳಿವೆ. ಅದರಲ್ಲಿ ಒಂದು ಕೆಟ್ಟಿದೆ ಅಂದುಕೊಳ್ಳಿ. ಅಲ್ಲಿ ಯಾರು ಬಂದು ಕೂತರೋ ತೊಂದರೆ ಅವರಿಗೆ. ಬ್ರೌಸರ್ ಕೂತರೆ ಟ್ಯಾಬ್ ಸಾಯುತ್ತದೆ. ವಿಂಡೋಸಿನ ತಿರುಳಾದ ಕರ್ನಲ್ ಕೂತರೆ ನೀಲಿ ಪರದೆ. ಫೋಟೋ ಕೂತರೆ ಬಣ್ಣ ಕೆಡುತ್ತದೆ. ಖಾಲಿ ಇದ್ದರೆ ಏನೂ ಆಗುವುದಿಲ್ಲ. ಕೊಳ್ಳುವಾಗ ಒಂದಿಷ್ಟು ಹೊತ್ತು ಓಡಿಸಿ ನೋಡಿದರೆ ಎಲ್ಲ ಸರಿಯಿದೆ ಅನ್ನಿಸುವುದೂ ಹಾಗೇ. ಮಾರಿದವರು ಬೇಕಂತಲೇ ದಾಟಿಸಿದರು ಎನ್ನಲು ನನ್ನ ಬಳಿ ಆಧಾರವಿರಲಿಲ್ಲ. ಅವರಿಗೂ ಇದು ಕಂಡಿರದೆ ಇರಬಹುದು.

ವಿಂಡೋಸಿನ ಪರೀಕ್ಷೆ ಪಾಸ್

ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಅನ್ನು ತಂಗಿ ಆಗಲೇ ಓಡಿಸಿದ್ದಳು. ತಪ್ಪಿಲ್ಲ ಎಂದಿತ್ತು. ಅದು ಮಾಮೂಲಿಯಾಗಿ ಓಡುವುದು 'ಸ್ಟಾಂಡರ್ಡ್' ಮಟ್ಟದಲ್ಲಿ. ಎಫ್1 ಒತ್ತಿ 'ಎಕ್ಸ್‌ಟೆಂಡೆಡ್' ಆರಿಸಿಕೊಳ್ಳಬಹುದು, ಅದು ಬಹಳ ಹೊತ್ತು ಹಿಡಿಯುತ್ತದೆ, ಹೆಚ್ಚಿನವರು ಆರಿಸುವುದಿಲ್ಲ. ಫಲಿತಾಂಶವೂ ಲಾಗಿನ್ ಆದ ಮೇಲೆ ಮೂಲೆಯಲ್ಲಿ ಬಂದು ಹೋಗುತ್ತದೆ, ತಪ್ಪಿಸಿಕೊಂಡರೆ ಈವೆಂಟ್ ವ್ಯೂವರಿನಲ್ಲಿ ಹುಡುಕಬೇಕು.

ಪಾಸ್ ಆಯಿತು ಎಂದರೆ ಆ ಹೊತ್ತಿಗೆ, ಆ ಬಿಸಿಯಲ್ಲಿ, ಆ ಪರೀಕ್ಷೆಗೆ ಏನೂ ಸಿಗಲಿಲ್ಲ ಎಂದಷ್ಟೇ. ಡಿರ‍್ಯಾಮಿನ (ಈ ಸ್ಟಿಕ್‌ಗಳಲ್ಲಿರುವ ಬಗೆಯ ರ‍್ಯಾಮ್) ಪ್ರತಿ ಬಿಟ್ ಒಂದು ಪುಟ್ಟ ಕೆಪಾಸಿಟರಿನಲ್ಲಿ ಚಾರ್ಜ್ ರೂಪದಲ್ಲಿ ಇರುತ್ತದೆ. ಅದು ಸೋರುವ ಕೊಡ. ತುಂಬಿಸುತ್ತಲೇ ಇರಬೇಕು. ಮಾಮೂಲಿ ಬಿಸಿಯಲ್ಲಿ 64 ಮಿಲಿಸೆಕೆಂಡಿನೊಳಗೆ ಪ್ರತಿ ಸಾಲನ್ನೂ ಒಮ್ಮೆ ಓದಿ ಮತ್ತೆ ಬರೆಯಲಾಗುತ್ತದೆ, ಇದೇ ರಿಫ್ರೆಶ್. 85 ಡಿಗ್ರಿ ಸೆಲ್ಸಿಯಸ್ ದಾಟಿದರೆ 32 ಮಿಲಿಸೆಕೆಂಡಿಗೊಮ್ಮೆ ಮಾಡಬೇಕು, ಯಾಕೆಂದರೆ ಬಿಸಿ ಏರಿದಂತೆ ಸೋರಿಕೆ ಜಾಸ್ತಿ. ಬಲ ಕಳೆದುಕೊಂಡ ಸೆಲ್ ತಣ್ಣಗಿದ್ದಾಗ ಹೇಗೋ ಆ ಅವಧಿಯನ್ನು ದಾಟುತ್ತದೆ, ಬೆಚ್ಚಗಾದಾಗ ದಾಟುವುದಿಲ್ಲ. ಈ ಕಂಪ್ಯೂಟರ್ ಬೆಳಿಗ್ಗೆ ಸುಮ್ನೆ ಇದ್ದು ಮಧ್ಯಾಹ್ನದ ಮೇಲೆ ಹಟ ಮಾಡುತ್ತಿತ್ತು ಎಂಬ ಅವಳ ಮಾತಿಗೆ ಇದು ಸರಿಹೊಂದುತ್ತಿತ್ತು.

ಹಾಗಾಗಿ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86+ ಹಾಕಿದೆ. ಮೂಲ ಮೆಮ್‌ಟೆಸ್ಟ್86 ಅನ್ನು ಕ್ರಿಸ್ ಬ್ರೇಡಿ 1994ರಲ್ಲಿ ಬರೆದದ್ದು. ಪ್ಲಸ್ ಇರುವುದು ಅದರಿಂದ ಕವಲೊಡೆದ ಮುಕ್ತ ತಂತ್ರಾಂಶ. 2022ರಲ್ಲಿ ಬಂದ 6ನೇ ಆವೃತ್ತಿಯಿಂದ, ಬಯಾಸಿನ ಜಾಗಕ್ಕೆ ಬಂದ ಯುಇಎಫ್‌ಐ ಇರುವ ಹೊಸ ಕಂಪ್ಯೂಟರ್‌ಗಳಲ್ಲೂ ಓಡುತ್ತದೆ. ಪೆನ್‌ಡ್ರೈವಿನಿಂದ ನೇರವಾಗಿ ಏಳುವುದರಿಂದ ವಿಂಡೋಸಿನ ಹಂಗಿಲ್ಲ, ರ‍್ಯಾಮಿನ ಬಹುಭಾಗ ಅದಕ್ಕೆ ಸಿಗುತ್ತದೆ. ಒಪ್ಪಿಗೆಯಿಲ್ಲದ ತಂತ್ರಾಂಶ ಏಳದಂತೆ ತಡೆಯುವ ಸೆಕ್ಯೂರ್ ಬೂಟ್ ಅಡ್ಡ ಬಂದರೆ ಆಫ್ ಮಾಡಬೇಕಾಗುತ್ತದೆ. ಹಾಗೆ ಮಾಡುವ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯೇ ನೋಡಿ, ಇದ್ದರೆ ಅದರ ರಿಕವರಿ ಕೀ ಕೈಯಲ್ಲಿರಲಿ. ಇಲ್ಲದಿದ್ದರೆ ರ‍್ಯಾಮ್ ಸರಿಮಾಡಲು ಹೋಗಿ ಡಿಸ್ಕೇ ಬಾಗಿಲು ಹಾಕಿಕೊಂಡೀತು.

ಮೊದಲ ಓಟದಲ್ಲಿ ಸುಳ್ಳು ಅಪರಾಧಿ

ಶುರುವಾದ ಸ್ವಲ್ಪ ಹೊತ್ತಿಗೇ ಪರದೆ ಕೆಂಪಾಯಿತು. ಸಾವಿರಗಟ್ಟಲೆ ತಪ್ಪುಗಳು. ವಿಳಾಸಗಳು ಎಲ್ಲೆಲ್ಲೋ, ತಪ್ಪಿದ ಬಿಟ್‌ಗಳೂ ಯಾವುಯಾವುದೋ. ಇಲ್ಲಿಗೆ ಮುಗಿಯಿತು, ಹೊಸ ರ‍್ಯಾಮ್ ಹಾಕಿದರಾಯಿತು ಎಂದು ಎದ್ದುಬಿಡುವುದು ಸುಲಭ. ಆದರೆ ತಪ್ಪು ಸಿಕ್ಕಿತು ಎಂದರೆ ಈ ಜೋಡಣೆಯಲ್ಲಿ ಏನೋ ಸರಿಯಿಲ್ಲ ಎಂದಷ್ಟೇ ಗೊತ್ತಾದದ್ದು. ಏನು ಎಂಬುದು ಬೇರೆ ಪ್ರಶ್ನೆ. ಅದೂ ಅಲ್ಲದೆ ಇಷ್ಟೊಂದು ತಪ್ಪು ಮಾಡುವ ರ‍್ಯಾಮಿನಲ್ಲಿ ವಿಂಡೋಸ್ ದಿನಗಟ್ಟಲೆ ಹೇಗೆ ಓಡುತ್ತಿತ್ತು?

ಕೇಳಿದರೆ ಉತ್ತರ ಸಿಕ್ಕಿತು. ಅವಳ ಗೆಳೆಯರೊಬ್ಬರು 'ಸ್ಪೀಡ್ ಬರಲಿ' ಅಂತ ಹಿಂದಿನ ದಿನ ಬಯಾಸಿನಲ್ಲಿ, ರ‍್ಯಾಮನ್ನು ಮಾಮೂಲಿಗಿಂತ ಜಾಸ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿದ್ದರು. ಆಮೇಲೆ ಕಂಪ್ಯೂಟರ್ ಇನ್ನೂ ಕೆಟ್ಟದಾಗಿ ಆಡುತ್ತಿತ್ತು.

ಕೇಸ್ ತೆಗೆದು ಸ್ಟಿಕ್‌ಗಳನ್ನು ನೋಡಿದೆ. ಒಂದಕ್ಕೆ ಅಂದವಾದ ಲೋಹದ ಹೊದಿಕೆ, ಮೇಲೆ ಅದರ ವೇಗ 3200 ಎಂಬ ಚೀಟಿ. ಇದನ್ನು 'ಅ' ಎನ್ನೋಣ. ಇನ್ನೊಂದು ಬೇರೆ ಕಂಪನಿಯದು, ಹೊದಿಕೆಯಿಲ್ಲದ ಸಾದಾ ಹಸಿರು ಸ್ಟಿಕ್, 2666ರದು. ಇದು 'ಆ'. ಯಾರೋ 16 ಜಿಬಿ ಮಾಡಲು ಆಮೇಲೆ ಸೇರಿಸಿದ್ದು ಎಂದು ಯಾರಾದರೂ ಹೇಳಬಹುದಿತ್ತು. ಒಂದೇ ಬೋರ್ಡಿನಲ್ಲಿರುವ ಸ್ಟಿಕ್‌ಗಳೆಲ್ಲ ಒಂದೇ ವೇಗದಲ್ಲಿ ಓಡಬೇಕು. ಎಕ್ಸ್‌ಎಂಪಿ ಎಂದರೆ ಓವರ್‌ಕ್ಲಾಕ್ ಪ್ರೊಫೈಲ್. 'ಅ'ದ ಪ್ರೊಫೈಲ್ ಹಾಕಿದಾಗ 'ಆ'ವೂ ತನ್ನ ಮಿತಿ ಮೀರಿ 3200ರಲ್ಲಿ ಓಡಬೇಕಾಯಿತು. ಆ ಸಾವಿರಗಟ್ಟಲೆ ತಪ್ಪು ಅದರ ಫಲ.

ಎಕ್ಸ್‌ಎಂಪಿ ಆಫ್ ಮಾಡಿದೆ. ಎರಡೂ 2666ಕ್ಕೆ ಇಳಿದವು, ವೋಲ್ಟೇಜ್ ಡಿಡಿಆರ್4ರ ಮಾಮೂಲಿ 1.2ಕ್ಕೆ ಬಂತು. ಮತ್ತೆ ಓಡಿಸಿದೆ. ಮೊದಲ ಸುತ್ತು ಶುದ್ಧ. ಈ ಮೆಮ್‌ಟೆಸ್ಟಿನಲ್ಲಿ ಮೊದಲ ಸುತ್ತು ಬೇಗ ಮುಗಿಯಲಿ ಎಂದು ಮೊಟಕಾಗಿಯೇ ಇರುತ್ತದೆ, ಅದನ್ನು ನೋಡಿ ಎದ್ದುಹೋಗಬಾರದು. ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಬೆರಳೆಣಿಕೆಯಷ್ಟು ತಪ್ಪುಗಳು, ಎಲ್ಲವೂ ಮೊದಲ ಸುತ್ತಿನ ನಂತರದ್ದು.

ಈಗಿನ ತಪ್ಪುಗಳ ಚಹರೆಯೇ ಬೇರೆ. ಬರೆದದ್ದು ಮತ್ತು ಓದಿದ್ದು ಎರಡನ್ನೂ ಮೆಮ್‌ಟೆಸ್ಟ್ 16 ಹೆಕ್ಸ್ ಅಂಕೆಗಳಲ್ಲಿ (0ಯಿಂದ 9, ಆಮೇಲೆ ಎಯಿಂದ ಎಫ್, ಒಂದೊಂದು ಅಂಕೆಗೂ ನಾಲ್ಕು ಬಿಟ್) ತೋರಿಸುತ್ತದೆ. ಎಲ್ಲ ಸಾಲುಗಳಲ್ಲೂ ವ್ಯತ್ಯಾಸ ಬಲದಿಂದ 5ನೇ ಅಂಕೆಯಲ್ಲಿ ಮಾತ್ರ. ಅಲ್ಲಿ ಎಫ್ ಇರಬೇಕಾದ ಕಡೆ ಡಿ. ಬಿಡಿಸಿದರೆ ಒಂದೇ ಒಂದು ಬಿಟ್, ಸೊನ್ನೆಯಿಂದ ಎಣಿಸಿದರೆ 17ನೆಯದು. ವಿಳಾಸಗಳೂ ಒಂದು ಚಿಕ್ಕ ಜಾಗದ ಸುತ್ತಲೇ. ಎಲ್ಲೆಂದರಲ್ಲಿ ಎಲ್ಲ ಬಿಟ್‌ಗಳೂ ತಪ್ಪುತ್ತಿದ್ದರೆ ವೇಗ, ವೋಲ್ಟೇಜ್, ರ‍್ಯಾಮನ್ನು ನಡೆಸುವ ಕಂಟ್ರೋಲರ್ ಕಡೆ ನೋಡಬೇಕು. ಒಂದೇ ಜಾಗದಲ್ಲಿ ಒಂದೇ ಬಿಟ್ ತಪ್ಪುತ್ತಿದ್ದರೆ ಯಾವುದೋ ಚಿಪ್ಪಿನ ಒಂದು ಮೂಲೆ ಸೋತಿದೆ.

ಅಂದರೆ ಇಲ್ಲಿ ಎರಡು ತೊಂದರೆಗಳು ಒಂದರ ಮೇಲೊಂದು ಕೂತಿದ್ದವು. ದೊಡ್ಡದು ಚಿಕ್ಕದನ್ನು ಮುಚ್ಚಿಬಿಟ್ಟಿತ್ತು. ಎಕ್ಸ್‌ಎಂಪಿ ಆಫ್ ಮಾಡಿ ಒಂದು ಸುತ್ತಿಗೆ ನಿಲ್ಲಿಸಿದ್ದರೆ 'ಸರಿಹೋಯಿತು' ಎನ್ನಬಹುದಿತ್ತು.

ವಿಳಾಸ ನೋಡಿ ಸ್ಟಿಕ್ ಹೇಳಲಾಗದು

ತಪ್ಪಿನ ವಿಳಾಸ 9 ಜಿಬಿ ದಾಟಿದ ಕಡೆ ಇತ್ತು. "ಹಾಗಾದ್ರೆ ಎರಡನೇ ಸ್ಟಿಕ್ಕೇ" ಅಂದಳು ತಂಗಿ. ಹಾಗೆ ಹೇಳಲು ಬರುವುದಿಲ್ಲ. ಎರಡು ಸ್ಟಿಕ್‌ಗಳನ್ನು ಎರಡು ದಾರಿಗಳಲ್ಲಿ ಒಟ್ಟಿಗೆ ಬಳಸುವುದಕ್ಕೆ ಡ್ಯುಯಲ್ ಚಾನೆಲ್ ಎನ್ನುತ್ತಾರೆ. ಡ್ಯುಯಲ್ ಚಾನೆಲ್‌ನಲ್ಲಿ ಎರಡು ಸ್ಟಿಕ್‌ಗಳ ವಿಳಾಸಗಳು ಹೆಣೆದುಕೊಂಡಿರುತ್ತವೆ. ಅಕ್ಕಪಕ್ಕದ ಚಿಕ್ಕ ಚಿಕ್ಕ ತುಂಡುಗಳು ಬೇರೆ ಬೇರೆ ಸ್ಟಿಕ್‌ಗೆ ಹೋಗುತ್ತವೆ. ಮೊದಲ 8 ಜಿಬಿ ಒಂದರಲ್ಲಿ, ಮುಂದಿನದು ಇನ್ನೊಂದರಲ್ಲಿ ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಬಿಚ್ಚಿ ಅದಲುಬದಲು ಮಾಡಿಯೇ ನೋಡಬೇಕು.

ಕರೆಂಟ್ ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿಹಿಡಿದು ಉಳಿದ ಚಾರ್ಜ್ ಹೋಗಲು ಬಿಟ್ಟು, ಕೇಸಿನ ಲೋಹ ಮುಟ್ಟಿಕೊಂಡು ಕೆಲಸ ಶುರುಮಾಡಿದೆ. ಒಂದು ಸಲಕ್ಕೆ ಒಂದೇ ಸ್ಟಿಕ್. ಮೊದಲು 'ಆ', ಒಂದು ಸ್ಲಾಟ್‌ನಲ್ಲಿ. ರಾತ್ರಿಯಿಡೀ ಶುದ್ಧ. ಅದೇ ಸ್ಲಾಟ್‌ಗೆ 'ಅ' ಹಾಕಿದೆ. ಬೆಚ್ಚಗಾದ ಮೇಲೆ ತಪ್ಪು ಬಂತು, ಅದೇ ಬಿಟ್. 'ಅ'ವನ್ನು ಇನ್ನೊಂದು ಸ್ಲಾಟ್‌ಗೆ ಹಾಕಿದೆ. ಅಲ್ಲೂ ಬಂತು, ಅಲ್ಲೂ ಒಂದೇ ಬಿಟ್. ಬೋರ್ಡಿನ ವೈರಿಂಗ್ ನೋಡಿಕೊಂಡು ಸ್ಲಾಟ್ ಬದಲಾದಾಗ ಬಿಟ್ಟಿನ ಸಂಖ್ಯೆ ಬದಲಾಗುವುದೂ ಉಂಟು. ನೋಡಬೇಕಾದದ್ದು ಒಂದೇ ಬಿಟ್ ಎಂಬುದನ್ನು.

ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. ನಾಲ್ಕನೆಯದೂ ಬೇಕು: ಸರಿಯಿರುವ 'ಆ'ವನ್ನು ಆ ಇನ್ನೊಂದು ಸ್ಲಾಟ್‌ನಲ್ಲಿ ಹಾಕಿ ನೋಡುವುದು. ಯಾಕೆಂದರೆ ಸ್ಲಾಟ್ ಕೂಡ ಕೆಟ್ಟಿರಬಹುದು, ಅಥವಾ ತೊಂದರೆ ಇನ್ನೂ ಆಚೆ ಇರಬಹುದು. ಈಗಿನ ಪ್ರೊಸೆಸರ್‌ಗಳಲ್ಲಿ ಮೆಮೊರಿ ಕಂಟ್ರೋಲರ್ ಪ್ರೊಸೆಸರಿನೊಳಗೇ ಇದೆ. ಎಎಂಡಿ 2003ರಲ್ಲಿ, ಇಂಟೆಲ್ 2008ರಲ್ಲಿ ಅದನ್ನು ಒಳಗೆ ತಂದವು. ಪ್ರೊಸೆಸರ್ ಸಾಕೆಟ್‌ನ ಒಂದು ಪಿನ್ ಬಾಗಿದ್ದರೂ, ಕೂಲರ್ ಒಂದು ಕಡೆ ಜಾಸ್ತಿ ಬಿಗಿದಿದ್ದರೂ ಒಂದು ಚಾನೆಲ್ ಪೂರ್ತಿ ಕೈಕೊಡಬಹುದು. ಹಲವರ ಕೈ ದಾಟಿ ಬಂದ ಕಂಪ್ಯೂಟರಿನಲ್ಲಿ ಇದು ಅಪರೂಪವೇನಲ್ಲ. ತಪ್ಪು ಸ್ಲಾಟ್ ಜೊತೆ ಉಳಿದಿದ್ದರೆ ನಾನು ಕೂಲರ್ ಬಿಚ್ಚುತ್ತಿದ್ದೆ. ಅದರ ಅಗತ್ಯ ಬರಲಿಲ್ಲ, 'ಆ' ಅಲ್ಲೂ ಶುದ್ಧವಾಗಿತ್ತು.

'ಅ'ದ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ, ಒಣಗಿಸಿ ಮತ್ತೆ ಹಾಕಿ ನೋಡಿದೆ. ಕೆಲವರು ರಬ್ಬರಿನಿಂದ ಉಜ್ಜುತ್ತಾರೆ. ಲೇಪ ತುಂಬ ತೆಳು, ನನಗೆ ಅದು ಇಷ್ಟವಿಲ್ಲ. ಒರೆಸಿದ್ದರಿಂದ ಏನೂ ಬದಲಾಗಲಿಲ್ಲ. ಕೊಳೆಯಾಗಿದ್ದರೆ ತಪ್ಪು ಒಂದು ಮೂಲೆಗೆ ಅಂಟಿಕೊಂಡಿರುತ್ತಿರಲಿಲ್ಲ, ಆ ಡೇಟಾ ಲೈನಿನ ಎಲ್ಲ ವಿಳಾಸಗಳಲ್ಲೂ ಬರಬೇಕಿತ್ತು.

ಆಮೇಲೆ ಕುತೂಹಲಕ್ಕೆ 'ಆ'ವನ್ನು ಒಂಟಿಯಾಗಿ 3200ರಲ್ಲಿ ಓಡಿಸಿದೆ. ಸಾವಿರಗಟ್ಟಲೆ ತಪ್ಪು. ಎರಡೂ ಒಗಟು ಬಿಡಿಸಿಕೊಂಡವು. ತನ್ನ ವೇಗದಲ್ಲಿ ಓಡುವಾಗ 'ಆ' ನಿರಪರಾಧಿ. ಮೊದಲ ಓಟವನ್ನೇ ನಂಬಿದ್ದರೆ ಕಡಿಮೆ ವೇಗದ, ಸಾದಾ ಮುಖದ ಸ್ಟಿಕ್ ಕಸದಬುಟ್ಟಿಗೆ ಹೋಗಿ, ಅಂದದ ಹೊದಿಕೆಯ ಕೆಟ್ಟ ಸ್ಟಿಕ್ ಕಂಪ್ಯೂಟರಿನಲ್ಲೇ ಉಳಿಯುತ್ತಿತ್ತು.

ಆಕಾಶದಿಂದ ಬರುವ ಕಾಸ್ಮಿಕ್ ಕಿರಣ ಬಿಟ್ ತಿರುಗಿಸಿರಬಹುದು ಎಂದು ಒಬ್ಬರು ಮಾತೆತ್ತಿದರು. ಅಂಥ ತಪ್ಪು ನಿಜಕ್ಕೂ ಆಗುತ್ತದೆ, ಆದರೆ ಅದು ಒಂದು ಸಲ ಆಗಿ ಹೋಗುವಂಥದ್ದು. ಅದೇ ಬಿಟ್ ಮತ್ತೆ ಮತ್ತೆ ತಪ್ಪಿದರೆ ಆಕಾಶವನ್ನು ದೂರುವಂತಿಲ್ಲ. ಗೂಗಲ್ ಸರ್ವರ್‌ಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷಕ್ಕೆ ಶೇ. 8ಕ್ಕೂ ಜಾಸ್ತಿ ಸ್ಟಿಕ್‌ಗಳಲ್ಲಿ ತಪ್ಪು ಕಂಡಿತ್ತು. ಅದರಲ್ಲೂ ಚಿಪ್ಪಿನ ಖಾಯಂ ದೋಷಗಳ ಪಾಲೇ ದೊಡ್ಡದಾಗಿತ್ತು.

ತೇಪೆ ಹಾಕಬಹುದಿತ್ತು

ಕೆಟ್ಟ ಜಾಗವನ್ನು ಬಳಸಬೇಡ ಎಂದು ವಿಂಡೋಸಿಗೂ ಲಿನಕ್ಸಿಗೂ ಹೇಳುವ ದಾರಿಗಳಿವೆ. ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುವ ಲ್ಯಾಪ್‌ಟಾಪ್ ಆದರೆ ಅದನ್ನು ಯೋಚಿಸಬಹುದು. ಬಿಚ್ಚಿ ತೆಗೆಯಬಹುದಾದ ಸ್ಟಿಕ್‌ಗೆ ಈ ಕಷ್ಟ ಬೇಡ ಎಂಬುದು ನನ್ನ ಲೆಕ್ಕ. ಇಂದು ಒಂದು ಮೂಲೆ ಸೋತಿದೆ, ನಾಳೆ ಅದರ ಪಕ್ಕದ್ದು ಸೋಲುವುದಿಲ್ಲ ಎಂದು ಹೇಳುವವರು ಯಾರು? ಮಾರಿದವರಿಗೆ ಮೆಮ್‌ಟೆಸ್ಟ್ ಪರದೆಯ ಫೋಟೋ ಕಳಿಸಿದೆವು. ತಕರಾರಿಲ್ಲದೆ ಬೇರೆ ಸ್ಟಿಕ್ ಕೊಟ್ಟರು. ಆ ಸ್ಟಿಕ್ಕನ್ನೂ ಒಂಟಿಯಾಗಿ, ಆಮೇಲೆ ಜೋಡಿಯಾಗಿ ಅದೇ ರೀತಿ ರಾತ್ರಿಯಿಡೀ ಪರೀಕ್ಷಿಸಿಯೇ ಇಟ್ಟುಕೊಂಡೆವು. ಎಕ್ಸ್‌ಎಂಪಿ ಆಫ್ ಆಗಿಯೇ ಉಳಿಯಿತು. ಮೆಮ್‌ಟೆಸ್ಟ್ ಓಡುವಾಗ ಗ್ರಾಫಿಕ್ಸ್ ಕಾರ್ಡ್, ಡಿಸ್ಕ್ ಎಲ್ಲ ಬಿಡುವಾಗಿರುತ್ತವೆ, ಪವರ್ ಸಪ್ಲೈಗೆ ಒತ್ತಡ ಬೀಳುವುದಿಲ್ಲ. ಅದಕ್ಕೆ ವಿಂಡೋಸಿನೊಳಗೆ ಭಾರದ ಕೆಲಸ ಕೊಟ್ಟು, ಜೊತೆಗೆ ಹ್ಯಾಶ್ ಪರೀಕ್ಷೆಯನ್ನೂ ಮತ್ತೆ ಮಾಡಿದೆ. ಉತ್ತರ ಬದಲಾಗಲಿಲ್ಲ.

ಫೈಲ್‌ಗಳ ಲೆಕ್ಕ

ಸ್ಟಿಕ್ ಬದಲಾಯಿಸಿದರೂ ಪ್ರಕರಣ ಮುಗಿಯಲಿಲ್ಲ. ಆ ರ‍್ಯಾಮ್ ಇದ್ದಾಗ ಡಿಸ್ಕಿಗೆ ಬರೆದದ್ದೆಲ್ಲ ಸಂಶಯಾಸ್ಪದ. ವಿಂಡೋಸ್ ಅಂತೂ ಅಳಿಸಿ ಹೊಸದಾಗಿ ಹಾಕಿದೆವು. ಅದನ್ನು ರಿಪೇರಿ ಮಾಡುತ್ತ ಕೂರುವುದಕ್ಕಿಂತ ಇದು ಬೇಗ.

ಫೋಟೋಗಳಿಗೆ ಹಳೆಯ ಲ್ಯಾಪ್‌ಟಾಪಿನ ಮೂಲ ಇತ್ತು. ಎರಡೂ ಕಡೆಯ ಹ್ಯಾಶ್ ಹಾಕಿಸಿ ಹೋಲಿಸಿದೆ. ಕೆಲವು ಫೋಟೋಗಳು ಹೊಂದಲಿಲ್ಲ. ಅವುಗಳ ಗಾತ್ರ, ತಾರೀಖು, ಹೆಸರು ಎಲ್ಲ ಒಂದೇ. ಗಾತ್ರ ನೋಡಿ ಕಾಪಿ ಸರಿಯಿದೆ ಎನ್ನುವುದು ಎಷ್ಟು ಪೊಳ್ಳು ಎಂದು ಆಗ ಅವಳಿಗೆ ಕಂಡಿತು. ತೆರೆದು ನೋಡಿದರೆ ಒಂದರಲ್ಲಿ ಅರ್ಧದಿಂದ ಕೆಳಗೆ ಬಣ್ಣವೇ ಬೇರೆ. ಜೆಪೆಗ್ ಫೋಟೋದಲ್ಲಿ ಒಂದು ತುಂಡಿನ ಬಣ್ಣವನ್ನು ಹಿಂದಿನ ತುಂಡಿಗಿಂತ ಎಷ್ಟು ಬೇರೆ ಎಂದು ಬರೆದಿರುತ್ತಾರೆ, ಒಂದು ಬಿಟ್ ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ಜಾರುತ್ತದೆ. ಎಲ್ಲವನ್ನೂ ಲ್ಯಾಪ್‌ಟಾಪಿನಿಂದ ಮತ್ತೆ ತಂದೆವು.

ಬರಹದ ಫೈಲ್‌ಗಳಲ್ಲಿ ಇದು ಇನ್ನೂ ಕಳ್ಳಗೆಲಸ. ಯೂನಿಕೋಡಿನಲ್ಲಿ 'ಕ' ಮತ್ತು 'ಗ' ನಡುವೆ ಇರುವುದು ಒಂದೇ ಬಿಟ್ಟಿನ ಅಂತರ. ಅದು ತಿರುಗಿದರೆ 'ಕಲ್ಲು' ಹೋಗಿ 'ಗಲ್ಲು' ಆಗುತ್ತದೆ. ಎರಡೂ ಸರಿಯಾದ ಪದವೇ, ಯಾವ ಸ್ಪೆಲ್‌ಚೆಕ್ಕೂ ಹಿಡಿಯುವುದಿಲ್ಲ.

ಉಳಿದದ್ದು ಈ ಕಂಪ್ಯೂಟರಿನಲ್ಲೇ ಹುಟ್ಟಿದ ಫೈಲ್‌ಗಳು, ಹೆಚ್ಚಾಗಿ ಲೆಕ್ಕದ ಎಕ್ಸೆಲ್ ಹಾಳೆಗಳು. ಹೋಲಿಸಲು ಮೂಲವೇ ಇಲ್ಲ. ಎಕ್ಸೆಲ್ ಫೈಲ್ ಒಳಗಿನಿಂದ ಒಂದು ಜಿಪ್, ಅದಕ್ಕೆ ತನ್ನದೇ ಸಿಆರ್‌ಸಿ ಇರುತ್ತದೆ. ಜಿಪ್ ಆಗಿ ಬರೆದ ನಂತರ ಕೆಟ್ಟಿದ್ದರೆ ತೆರೆಯುವಾಗ ತಿಳಿಯುತ್ತದೆ, ಒಂದು ಹಾಳೆ ಹಾಗೆ ಸಿಕ್ಕಿತು. ಆದರೆ ಸೇವ್ ಮಾಡುವ ಮೊದಲೇ, ರ‍್ಯಾಮಿನಲ್ಲಿದ್ದಾಗಲೇ ಒಂದು ಅಂಕಿ ಬದಲಾಗಿದ್ದರೆ ಸಿಆರ್‌ಸಿ ಆ ತಪ್ಪು ಅಂಕಿಗೇ ಸರಿಯಾಗಿ ಲೆಕ್ಕ ಹಾಕಿರುತ್ತದೆ. ಅದಕ್ಕೆ ಯಾವ ತಂತ್ರಾಂಶವೂ ಇಲ್ಲ. ಆ ಹಾಳೆಗಳನ್ನು ತಂಗಿ ರಸೀದಿಗಳನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿದಳು.